ಸಣ್ಣಗೌಡನಿಗಿಂತ ಮೊದಲು ಉಂಡವಳು

ಕೂಸನ್ನು ಬಿಟ್ಟು ಬಾ ಎಂದು ತಾಯಿ ಮೂರು ಸಲ ಹೇಳಿದಳು. ಯಾಕೆ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ. ಪರಸವ್ವನಿಗೆ ಸಂಶಯ ಹತ್ತಿದ್ದು ಅಲ್ಲಿಂದಲೇ.

ಸೀತವ್ವ ಹಾಗೆಲ್ಲ ಬಬಲೇಶ್ವರಕ್ಕೆ ಬರುವವಳಲ್ಲ. ಮಗಳನ್ನು ಆ ಊರಿಗೆ ಕೊಟ್ಟು ನಾಲ್ಕು ವರ್ಷವಾಗಿದ್ದರೂ ಬಂದದ್ದು ಎರಡೇ ಸಲ, ಬಾಣಂತನ ಮುಗಿಸಿ ಮಗಳನ್ನು ಬಿಡಲು ಒಮ್ಮೆ, ಕೂಸಿನ ಜವಳಕ್ಕೆ ಇನ್ನೊಮ್ಮೆ. ಈಗ ವಿಜಾಪುರದಿಂದ ಮುಂಜಾನೆಯ ಬಸ್ಸಿಗೆ ಬರಿಗೈಯಲ್ಲಿ ಬಂದು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ಮೊಮ್ಮಗಳಿಗೆಂದು ಒಂದು ಹಿಡಿ ಚುರುಮುರಿಯನ್ನೂ ತರದ ಅಜ್ಜಿಯನ್ನು ಎಲ್ಲಾದರೂ ಕಂಡಿದ್ದೀರಾ?

"ಸಣ್ಣಗೌಡ್ರು ಊಟಾ ಬಿಟ್ಟಾರ," ಎಂದಳು ಸೀತವ್ವ. "ಇವತ್ತಿಗೆ ಐದು ದಿವಸ ಆತು. ಗೌಡಸಾನಿ ನಿನ್ನ ಕರ್ಕೊಂಡು ಬಾ ಅಂದಾಳ."

"ನಾ ಏನ್ ಡಾಕ್ಟರೇನು?"

"ನೀ ಮೊದಲ ಉಂಡ್ರ ಅವರು ಉಣ್ಣತಾರಂತ."

ಪರಸವ್ವ ನಕ್ಕುಬಿಟ್ಟಳು. ಇಪ್ಪತ್ತು ವರ್ಷದ ಗಂಡಸು, ಕಾಲೇಜು ಓದುವವ, ಇನ್ನೂ ಅದೇ ಆಟ! "ಅಯ್ಯ, ಅವ್ರಿಗೆ ಇನ್ನೂ ಅದು ಬಿಟ್ಟಿಲ್ಲೇನು?"

"ನಕ್ಕೋತ ಕುಂದ್ರಬ್ಯಾಡ. ಕೂಸನ್ನ ಇಲ್ಲೇ ಬಿಟ್ಟು ಹೊರಡು."

"ಅತ್ತಿ ಮಗಳ ಬಾಣಂತನಕ್ಕಂತ ಆಕಿ ಊರಿಗೆ ಹೋಗ್ಯಾಳ. ಇವರು ಗೌಂಡಿ ಕೆಲಸಕ್ಕ ಹೋದ್ರ ಸಂಜಿಗೇ ಬರೂದು. ಮೂರು ವರ್ಷದ ಕೂಸನ್ನ ಯಾರ ಕೈಯಾಗ ಕೊಡ್ಲಿ?"

"ಬಾಜೂ ಮನ್ಯಾಗ ಬಿಡು."

"ಯಾಕ ಬೇ ಯವ್ವಾ? ಆ ಮನ್ಯಾಗ ಏನ್ ಹುಲಿ ಕಟ್ಯಾರೇನು?"

ಸೀತವ್ವ ಮುಖ ಆಚೆ ತಿರುವಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಪರಸವ್ವನಿಗೆ ಸಿಟ್ಟು ಬಂತು. ಗೌಂಡಿಯ ಕೂಸು, ಮೈಮೇಲೆ ಸರಿಯಾದ ಅಂಗಿಯಿಲ್ಲ, ಗೌಡಸಾನಿಯ ಮುಂದೆ ತರಲು ಅವ್ವನಿಗೆ ನಾಚಿಕೆ ಅಂತ ತಿಳಿದಳು. ಬೇಕಂತಲೇ ರುಕ್ಮಿಯ ಮುಖ ತೊಳೆದು, ಕಣ್ಣಿಗೆ ಕಾಡಿಗೆ ತೀಡಿ, ಸೊಂಟಕ್ಕೆ ಎತ್ತಿಕೊಂಡು ಹೊರಟಳು.

ಆ ಮನೆಯ ಕಥೆ ಪರಸವ್ವನಿಗೆ ಬಾಯಿಪಾಠವಿತ್ತು. ತಿಕೋಟಾದ ಗೌಡರ ವಾಡೆಯಲ್ಲಿ ಒಬ್ಬನೇ ಮಗನಿದ್ದ, ಶಾಂತಪ್ಪಗೌಡ. ಮಮದಾಪುರದ ದಾಯಾದಿಗಳ ಮನೆಯ ಮದುವೆಗೆ ಹೋಗಿ ಉಂಡು ಬಂದ. ಮರುದಿನ ವಾಂತಿಭೇದಿ ಹತ್ತಿ ಸಂಜೆಯೊಳಗೆ ತೀರಿಹೋದ. ಆ ವಾರ ಸುತ್ತಿನ ಊರುಗಳಲ್ಲಿ ಕಾಲರಾ ಬಂದು ಹನ್ನೊಂದು ಜನ ಸತ್ತಿದ್ದರು. ಸರಕಾರದವರು ಬಂದು ಬಾವಿಬಾವಿಗೆ ಔಷಧ ಸುರಿದು ಹೋಗಿದ್ದರು. ಆದರೆ ತಾಯಿ ಸತ್ಯವ್ವಗೌಡಸಾನಿ, "ನನ್ನ ಮಗಗ ಮದ್ದು ಹಾಕ್ಯಾರ," ಅಂದಳು. ಉಳಿದ ಹತ್ತು ಜನಕ್ಕೆ ಯಾರು ಮದ್ದು ಹಾಕಿದರು ಅಂತ ಕೇಳುವ ಧೈರ್ಯ ಊರಲ್ಲಿ ಯಾರಿಗಿತ್ತು? ಎರಡು ತಿಂಗಳಲ್ಲಿ ಸೊಸೆಯೂ ತೀರಿಹೋದಳು. ಇನ್ನೂರು ಎಕರೆ ಹೊಲ, ಮತ್ತು ಆ ಹೊಲಕ್ಕೂ ದಾಯಾದಿಗಳಿಗೂ ನಡುವೆ ಎಂಟು ತಿಂಗಳ ಒಂದು ಕೂಸು, ಅಮಸಿದ್ದ.

ಆಮೇಲೆ ಆ ವಾಡೆಯಲ್ಲಿ ನಡೆದದ್ದು ಸಾಕಣೆಯೋ ಕಾವಲೋ ದೇವರೇ ಬಲ್ಲ. ಹುಡುಗನ ಉಗುರು, ಕೂದಲು ಹಿತ್ತಲಲ್ಲಿ ಹುಗಿಯುವುದು. ಹಳೇ ಅಂಗಿಗಳನ್ನು ಯಾರಿಗೂ ಕೊಡದೆ ಸುಡುವುದು. ಹೊರಗಿನ ನೀರು ಮುಟ್ಟಬಾರದು. ಓರಗೆಯ ಹುಡುಗರ ಜೊತೆ ಆಡಬಾರದು, ಅವರ ಬೆನ್ನ ಹಿಂದೆ ಯಾರಿದ್ದಾರೋ ಯಾರಿಗೆ ಗೊತ್ತು? ಕುದುರೆ ಬೇಕೆಂದರೆ ಕುದುರೆ ಬಂತು, ಸೈಕಲ್ ಬೇಕೆಂದರೆ ಸೈಕಲ್ ಬಂತು. ಅವನಿಗೆ ಯಾರೂ ಒಂದು ಗದರಿಕೆ ಹಾಕಲಿಲ್ಲ. ಸೈಕಲ್ ಹಿಂದೆ ಓಡುವವರೂ ಯಾರೂ ಇರಲಿಲ್ಲ.

ಊಟದ ವಿಷಯದಲ್ಲಿ ಗೌಡಸಾನಿ ಇನ್ನೊಂದು ಯುಕ್ತಿ ತೆಗೆದಳು. ದೊಡ್ಡವರ ಹೊಟ್ಟೆ ತಡೆದುಕೊಂಡೀತು, ಕೂಸಿಗೆ ಏನಾಗುತ್ತದೆಂಬುದನ್ನು ಕೂಸಿನಿಂದಲೇ ತಿಳಿಯಬೇಕು ಎಂಬುದು ಅವಳ ಲೆಕ್ಕ. ವಾಡೆಯ ಅಡಿಗೆಯ ಸೀತವ್ವ ಅವರದೇ ಜಾತಿಯ ಬಡ ವಿಧವೆ. ಅವಳ ಜೋಳಿಗೆ ತೊಟ್ಟಿಲಲ್ಲಿ ಅದೇ ವಯಸ್ಸಿನ ಹೆಣ್ಣುಕೂಸಿತ್ತು. ಹೀಗೆ ಪರಸವ್ವ ಹಾಲು ಬಿಟ್ಟ ದಿನದಿಂದ ಮದುವೆಯಾಗಿ ಹೋಗುವವರೆಗೆ ಹದಿನೈದು ವರ್ಷ, ದಿನಕ್ಕೆ ಮೂರು ಹೊತ್ತು, ಸಣ್ಣಗೌಡನ ಬೆಳ್ಳಿ ತಾಟಿನಿಂದ ಮೊದಲ ತುತ್ತು ಉಂಡಳು.

ಪರಸವ್ವನಿಗೆ ಅದು ಹಬ್ಬ. ಕಾಸಿದ ತುಪ್ಪ, ಹಾಲುಹುಗ್ಗಿ, ಬೆಣ್ಣೆಯಂಥ ಬದನೆಕಾಯಿ ಎಣ್ಣೆಗಾಯಿ! ಊರಲ್ಲಿ ಯಾವ ಬಡವರ ಮಗಳಿಗೆ ಸಿಕ್ಕೀತು? ಅವಳು ಚಪ್ಪರಿಸುತ್ತ ಉಂಡು ಬೆರಳು ನೆಕ್ಕುತ್ತಿದ್ದಳು. ಎದುರಿಗೆ ಅಮಸಿದ್ದ ಹಸಿದ ಹೊಟ್ಟೆಯಲ್ಲಿ ಅವಳ ಮುಖವನ್ನೇ ನೋಡುತ್ತ ಕೂತಿರುತ್ತಿದ್ದ. "ತಡಿ ನನ ಬಂಗಾರ, ಉಣಬ್ಯಾಡ. ಇದಕ್ಕೇನೂ ಆಗಲಿಲ್ಲಂದ್ರ ಉಣ್ಣುವಂತಿ," ಅನ್ನುತ್ತ ಅವನ ಆಯಿ, ಅಜ್ಜಿ ಸತ್ಯವ್ವ, ನೂರರವರೆಗೆ ಎಣಿಸುತ್ತಿದ್ದಳು. ಒಂದೇ ಅಡಿಗೆ, ಒಂದೇ ತಾಟು. ಹುಡುಗಿ ಹೋರಿಗರುವಿನಂತೆ ಮೈ ತುಂಬಿಕೊಂಡಳು, ಹುಡುಗ ಒಣಗಿದ.

ಏಳು ವರ್ಷದವಳಿದ್ದಾಗ ಒಮ್ಮೆ ಅವಳಿಗೆ ಚೇಷ್ಟೆ ಸುಳಿಯಿತು. ತುತ್ತು ನುಂಗಿ ಕಣ್ಣು ಮೇಲೆ ಮಾಡಿ, ನಾಲಗೆ ಹೊರಗೆ ಹಾಕಿ ಧೊಪ್ಪನೆ ಬಿದ್ದಳು. ಎದ್ದು ಕಿಸಕ್ಕನೆ ನಗಬೇಕು ಅನ್ನುವಷ್ಟರಲ್ಲಿ ಅಮಸಿದ್ದ ಕೂತಲ್ಲೇ ಒದ್ದೆಯಾಗಿ ನಡುಗುತ್ತಿದ್ದ. ಎಂಟು ದಿನ ಜ್ವರ. ಗೌಡಸಾನಿ ಅವಳಿಗೆ ಬಾಸುಂಡೆ ಏಳುವಂತೆ ಹೊಡೆದಳು. ಹೊಡೆತ ಮರೆತುಹೋಯಿತು, ಅವನ ಆ ಮುಖ ಮಾತ್ರ ಪರಸವ್ವನಿಗೆ ಇವತ್ತಿಗೂ ಮರೆತಿಲ್ಲ.

ವಿಜಾಪುರದಲ್ಲಿ ಇಳಿದು ಟಾಂಗಾ ಹಿಡಿದು ಜೋರಾಪುರ ಪೇಟೆಯ ಮನೆಗೆ ಬಂದಾಗ ಮಧ್ಯಾಹ್ನ ಏರಿತ್ತು. ಮೊಮ್ಮಗನ ಕಾಲೇಜಿಗೆಂದು ಗೌಡಸಾನಿ ಎರಡು ವರ್ಷದ ಹಿಂದೆ ಹಿಡಿದ ಮನೆ ಅದು. ಬಾಜೂ ಮನೆಯ ಹಾಜಿರಾಬಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಹೊಸ ಮುಖ ಕಂಡು ಮೊರ ಕೆಳಗಿಟ್ಟು ಪಿಸುಗುಟ್ಟಿದಳು.

"ಸೀತವ್ವನ ಮಗಳೇನು ನೀನು? ಹೋಗವಾ, ಹೋಗಿ ನೋಡು. ಈದಿನ ದಿವಸ ಸುರಕುಂಬಾ ಕೊಟ್ಟು ಕಳಿಸಿದ್ರ ಬಟ್ಟಲಾ ಸಮೇತ ಬೀದಿಗೆ ಒಗದಾನ. ನಾ ಬೈಲಿಲ್ಲ ಬಿಡು. ಅವನ ಕಣ್ಣು ನೋಡಿದ್ರ ಬೈಯಾಕ ಬಾಯಿ ಬರೂದಿಲ್ಲ. ಡಾಕ್ಟರ್ ಬಂದು ಹೊಟ್ಯಾಗೇನೂ ಇಲ್ಲ, ರೋಗ ಇರೂದು ಮನಸಿಗೆ, ಧಾರವಾಡದ ದವಾಖಾನಿಗೆ ಒಯ್ರಿ ಅಂದ. ಮುದುಕಿ ಕೇಳೂದಿಲ್ಲ. ಗೌಡ್ರ ಮನಿ ಹುಡುಗಗ ಹುಚ್ಚಂದ್ರ ಹೆಣ್ಣ ಯಾರು ಕೊಡತಾರ ಅಂತಾಳ. ಜೀವ ಇದ್ರಲ್ಲ ಹೆಣ್ಣು!"

ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ನೀರಿನ ಕೊಡದ ಬಾಯಿಗೆ ಬಟ್ಟೆ ಬಿಗಿದು, ದಾರ ಸುತ್ತಿ, ಗಂಟಿನ ಮೇಲೆ ಅರಗು ಒತ್ತಿತ್ತು. ಹಾಲಿನ ಪಾತ್ರೆಗೆ ಇದ್ದಲಿಯಿಂದ ಗೀಟು ಎಳೆದಿತ್ತು. ಹಾಲು ಗೀಟಿಗಿಂತ ಮೇಲೆ ಬಂದರೆ ಯಾರೋ ಏನೋ ಸುರಿದಿದ್ದಾರೆ ಅಂತ ಅರ್ಥ. ಗೋಡೆಗೆ ಬೆನ್ನು ಆನಿಸಿ, ಬಾಗಿಲು ಕಾಣುವ ಹಾಗೆ ಅಮಸಿದ್ದ ಕೂತಿದ್ದ. ಗಲ್ಲದ ಎಲುಬು ಎದ್ದಿತ್ತು, ಗಡ್ಡ ಬೆಳೆದಿತ್ತು. ದೊಡ್ಡ ಮನೆಯ ಮಗ ಹೀಗೂ ಆಗಬಹುದೇ?

"ಬಂದ್ಯಾ ಪರಸಿ," ಎಂದ. "ನಿನ್ನ ಯಾರು ಕರಸಿದ್ರು?"

"ನಿಮ್ಮ ಆಯೀನ ಕರಸ್ಯಾರಲ್ರಿ."

"ದಾರ್‍ಯಾಗ ಯಾರರೆ ಭೆಟ್ಟಿ ಆಗಿದ್ರೇನು? ಮಮದಾಪುರದವರು?"

"ಇಲ್ರಿ. ಟಾಂಗಾದವ ಒಬ್ಬಾಂವ ಭೆಟ್ಟಿ ಆದ. ಅಂವ ನನ್ನ ಮಾರಿ ನೋಡಲಿಲ್ಲ, ಕುದರಿ ಮಾರಿ ನೋಡಿದ."

ಮುಂಚೆಯಾದರೆ ನಗುತ್ತಿದ್ದ. ಈಗ ಟಾಂಗಾದವ ಯಾವ ಓಣಿಯವ ಎಂದು ಕೇಳಿದ. ಬರೇ ಬಾಳೆಹಣ್ಣು ತಾನೇ ಸುಲಿದು ತಿಂದು ಕೆಲವು ದಿನ ನೂಕಿದ್ದನಂತೆ. ಡಾಕ್ಟರ್ ಬಂದು ಸೂಜಿ ಹಾಕಿದ ದಿನ ಅದನ್ನೂ ಬಿಟ್ಟ. ಸೂಜಿ ಮನುಷ್ಯನ ಮೈಯಲ್ಲಿ ಹೋಗುವುದಾದರೆ ಬಾಳೆಹಣ್ಣಿನಲ್ಲಿ ಯಾಕೆ ಹೋಗಬಾರದು? ಹುಚ್ಚರ ಮಾತಿನಲ್ಲಿ ಒಂದು ಕಡೆಯೂ ತಪ್ಪು ಹಿಡಿಯಲು ಬರುವುದಿಲ್ಲ, ಅದೇ ದೊಡ್ಡ ಕಷ್ಟ.

ಆ ದಿನ ಪರಸವ್ವ ಅವನ ತಾಟಿನಿಂದ ಒಂದು ತುತ್ತು ಉಂಡಳು. ಅಮಸಿದ್ದ ಎದ್ದು ಬಂದು ಅವಳ ನಾಲಗೆ ನೋಡಿದ, ಉಗುರು ನೋಡಿದ, ಗಡಿಯಾರ ಹಿಡಿದು ಅರ್ಧ ತಾಸು ಕೂತ. ಆಮೇಲೆ ಉಂಡ. ಸತ್ಯವ್ವ ದೇವರ ಗೂಡಿಗೆ ಕೈಮುಗಿದಳು. ಎರಡು ದಿನ ಹಾಗೇ ಸಾಗಿತು. ಆ ಮುಚ್ಚಿದ ಮನೆಯಲ್ಲಿ ಪರಸವ್ವನಿಗೇ ಏನೇನೋ ಆಗತೊಡಗಿತು. ಬೆನ್ನ ಹಿಂದೆ ಸಪ್ಪಳವಾದರೆ ತಿರುಗಿ ನೋಡುವಳು. ಅವ್ವ ಕೂಸನ್ನು ಒಂದು ಗಳಿಗೆಯೂ ಪಡಸಾಲೆಗೆ ಬಿಡದೆ ಅಡಿಗೆಮನೆಯಲ್ಲೇ ಕೂಡಿಸಿಕೊಳ್ಳುತ್ತಾಳೆ, ಯಾಕೆ? ಗೌಡಸಾನಿ ಕೂಸನ್ನು ಕಂಡಾಗಲೆಲ್ಲ ಹೊಲದ ಬೆಳೆ ನೋಡುವ ಹಾಗೆ ನೋಡುತ್ತಾಳೆ, ಯಾಕೆ?

ಮೂರನೆಯ ದಿನ ಗೊತ್ತಾಯಿತು. ಪರಸವ್ವ ಉಂಡು ಅರ್ಧ ತಾಸಾಯಿತು, ಒಂದು ತಾಸಾಯಿತು. ಅಮಸಿದ್ದ ತಾಟು ದೂರ ಸರಿಸಿದ.

"ನಿನಗ ರೂಢಿ ಆಗೇತಿ," ಎಂದ.

"ಏನು ರೂಢಿ?"

"ಸಣ್ಣಾಕಿ ಇದ್ದಾಗಿಂದ ದಿನಾ ಒಂದೊಂದು ತುತ್ತು ಉಂಡೀದಿ. ಅಫೀಮು ತಿನ್ನಾವ್ರಿಗೆ ಅಫೀಮು ಹತ್ತೂದಿಲ್ಲ ನೋಡು, ಹಂಗ. ನಿನ್ನ ಮೈ ಈಗ ಏನೂ ತಡಕೋತೈತಿ. ನೀ ಉಂಡ್ರೂ ಅಷ್ಟ, ಬಿಟ್ರೂ ಅಷ್ಟ."

"ಸಣ್ಣಗೌಡ್ರ, ಅದ್ರಾಗ ಏನೂ ಇದ್ದಿದ್ದಿಲ್ರಿ. ಯಾವತ್ತೂ."

"ಇದ್ದಿದ್ದಿಲ್ಲಂದ್ರ ಆಯಿ ಯಾಕ ದಿನಾ ನೂರು ಎಣಸತಿದ್ಲು?" ಅವನು ಧ್ವನಿ ಏರಿಸಲಿಲ್ಲ. "ನನ್ನ ಆಯಿಗೆ ತಲಿ ಕೆಟ್ಟಿತ್ತೇನು?"

ಗೌಡಸಾನಿ ಅಲ್ಲೇ ಕೂತು ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅಡಿಗೆಮನೆಯಿಂದ ರುಕ್ಮಿ ತಪ್ಪಿಸಿಕೊಂಡು ಬಂದು ಅವ್ವನ ಸೀರೆ ಹಿಡಿದು ನಿಂತಿತು. ಅಮಸಿದ್ದನ ಕಣ್ಣು ಆ ಕೂಸಿನ ಮೇಲೆ ನಿಂತವು.

"ಇದರ ಮೈ ಇನ್ನೂ ಹಸಿ ಐತಿ," ಎಂದ.

ಪರಸವ್ವ ಕೂಸನ್ನು ಬೆನ್ನ ಹಿಂದೆ ಸರಿಸಿದಳು. ಸತ್ಯವ್ವನೋ, ಆ ಮಾತಿಗಾಗಿಯೇ ಕಾದಿದ್ದವಳ ಹಾಗೆ ಎದ್ದು ಬಂದು ಅವಳ ಭುಜ ಹಿಡಿದಳು. "ಒಂದು ತುತ್ತಿಗೆ ಏನಾಗತೈತಿ ಪರಸಿ? ನೀನೂ ಹಂಗ ಬೆಳದಾಕಿ, ಗುಂಡುಕಲ್ಲಿನಂಗ ಅದೀಯಲ್ಲ. ನಿನ್ನ ಮಗಳು ಇಲ್ಲೇ ಇರಲಿ. ತುಪ್ಪಾ, ಹಾಲು ಉಂಡು ಬೆಳೀಲಿ. ಡಾಕ್ಟರ್ ಮತ್ತ ಎರಡು ದಿವಸ ಊಟಾ ಬಿಟ್ರ ಜೀವ ಉಳಿಯೂದಿಲ್ಲ ಅಂದಾನ. ಅದು ನಿನ್ನ ಕುತಿಗಿಗೆ ಬರತೈತಿ. ನಿಮ್ಮ ಅವ್ವ ಇರೂದೂ ನಮ್ಮ ಹಿತ್ತಲ ಮನ್ಯಾಗ, ಅದೂ ನೆಪ್ಪಿರಲಿ."

ಕೂಸನ್ನು ಬಿಟ್ಟು ಬಾ ಎಂದು ಮೂರು ಸಲ ಹೇಳಿದ್ದು ಯಾಕೆಂದು ಈಗ ತಿಳಿಯಿತು. ಪರಸವ್ವ ಅಡಿಗೆಮನೆಗೆ ಹೋಗಿ ತಾಯಿಯ ಮೇಲೆ ಹರಿಹಾಯ್ದಳು. "ಗೊತ್ತಿದ್ದೂ ಬಾಯಿ ಮುಚಗೊಂಡು ಕರ್ಕೊಂಡು ಬಂದಿಯಲ್ಲ ಬೇ! ಒಂದು ಮಾತು ಒದರಬಾರದಾಗಿತ್ತೇನು?"

"ಆಕಿ ಮನಸಿನಾಗ ಐತಂತ ನನಗ ಸಂಶೆ ಇತ್ತು. ಬಾಯಿಬಿಟ್ಟು ಅಂದಿದ್ದಿಲ್ಲ," ಎಂದಳು ಸೀತವ್ವ. ಒಲೆಯ ಕಡೆಗೇ ನೋಡುತ್ತಿದ್ದಳು. "ಹೋಗೂದಾದ್ರ ಈಗ ಹೋಗು. ನನ್ನ ಮನಿ ಹೋದ್ರ ಹೋಗಲಿ."

ಹೋಗಿಬಿಡಬೇಕು ಅಂತಲೇ ಪರಸವ್ವ ಕೂಸನ್ನು ಎತ್ತಿಕೊಂಡಳು. ಪಡಸಾಲೆ ದಾಟುವಾಗ ಅಮಸಿದ್ದ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ತುಟಿ ಸೀಳಿದ್ದವು. ಏಳು ವರ್ಷದವನಿದ್ದಾಗ ನಡುಗಿದ ಅದೇ ಮುಖ. ಹಾಳಾದ ಕಾಲುಗಳು ಅಲ್ಲೇ ನಿಂತವು. ಅಲ್ಲ, ತಾನೇ ಅಡಿಗೆ ಮಾಡಿದರೆ? ತನ್ನ ಕೈಯಾರೆ ಬೇಯಿಸಿ, ತನ್ನ ಕೈಯಾರೆ ಬಡಿಸಿದರೆ? ಅದರಲ್ಲಿ ಏನೂ ಇಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಕೂಸು ಹೋಳಿಗೆ ತಿನ್ನುತ್ತದೆ, ಅಷ್ಟೇ. ಒಂದು ಜೀವ ಉಳಿಯುತ್ತದೆ. ಈ ಒಂದೇ ಸಲ, ಆಮೇಲೆ ಸಂಜೆಯ ಬಸ್ಸು. ಹೀಗೆಂದು ತನ್ನನ್ನು ತಾನೇ ಒಪ್ಪಿಸಿಕೊಂಡು ಪರಸವ್ವ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು.

ಬೇಳೆ ಬೇಯಿಸಿದಳು, ಬೆಲ್ಲ ಹಾಕಿ ಹೂರಣ ರುಬ್ಬಿದಳು, ಕಣಕ ನಾದಿದಳು. ಯಾರನ್ನೂ ಹತ್ತಿರ ಬಿಡಲಿಲ್ಲ. ಗೌಡಸಾನಿ ಎರಡು ಸಲ ಒಳಗೆ ಬಂದು ಹೋದಳು. ಸೀತವ್ವ ಮೂಲೆಯಲ್ಲಿ ಕೂತು ಹಂಚಿನಿಂದ ಇಳಿದ ಹೋಳಿಗೆಗಳನ್ನು ಬುಟ್ಟಿಗೆ ಹಾಕಿ ಮುಚ್ಚಿಟ್ಟಳು.

ಪಡಸಾಲೆಯಲ್ಲಿ ಮಣೆ ಹಾಕಿದರು. ಬೆಳ್ಳಿ ತಾಟಿನಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ, ವಾಟಗದಲ್ಲಿ ಹಾಲು. ರುಕ್ಮಿಯ ಕಣ್ಣು ಇಷ್ಟಗಲ ಆದವು. ಹಬ್ಬವಿಲ್ಲದ ದಿನ ಹೋಳಿಗೆ! ಕೂಸು ಅವ್ವನ ಮುಖ ನೋಡಿತು, ಉಣ್ಣಲೇ ಎಂಬಂತೆ. ಪರಸವ್ವ ಹೂಂ ಎಂದಳು. ಕೂಸು ತುಪ್ಪದಲ್ಲಿ ನೆಂದ ತುಂಡು ಮುರಿದು, ಹಾಲಲ್ಲಿ ಅದ್ದಿ, ಬಾಯಿಗೆ ಒಯ್ದಿತು. ಸತ್ಯವ್ವ ಎಣಿಸಲು ತಯಾರಾಗಿ ಕೂತಿದ್ದಳು. ಅಮಸಿದ್ದ ಕೂಸನ್ನು ನೋಡುತ್ತಿರಲಿಲ್ಲ, ಪರಸವ್ವನನ್ನು ನೋಡುತ್ತಿದ್ದ.

ಹಾಲು ಯಾರು ತಂದರು?

ಎಲ್ಲಿಂದ ಬಂತೋ ಆ ಮಾತು. ಹೋಳಿಗೆ ತಾನೇ ಮಾಡಿದ್ದು, ಸರಿ. ಹಾಲು ತಾನು ಕರೆದದ್ದಲ್ಲ. ತುಪ್ಪ ತಿಕೋಟಾದಿಂದ ಡಬ್ಬಿಯಲ್ಲಿ ಬಂದದ್ದು, ಅದನ್ನು ಯಾರ್‍ಯಾರು ಮುಟ್ಟಿದರೋ. ಗೌಡಸಾನಿ ಎರಡು ಸಲ ಒಳಗೆ ಬಂದಳಲ್ಲ, ಏನು ತೆಗೆದುಕೊಂಡು ಹೋಗಲು ಬಂದಿದ್ದಳು? ಇಷ್ಟು ವರ್ಷ ಒಂದು ದಿನವೂ ತಲೆಗೆ ಬಾರದ ವಿಚಾರಗಳು ಒಂದೇ ಉಸಿರಿನಲ್ಲಿ ನುಗ್ಗಿ ಬಂದವು. ಪರಸವ್ವನಿಗೆ ತನ್ನ ಕೈ ಎದ್ದದ್ದೇ ಗೊತ್ತಾಗಲಿಲ್ಲ. ಚಟ್ಟನೆ ಕೂಸಿನ ಕೈಗೆ ಬಿತ್ತು. ತುಂಡು ಹಾರಿ ಗೋಡೆಗೆ ಬಡಿಯಿತು. ರುಕ್ಮಿ ಮೊದಲು ಬೆಪ್ಪಾಗಿ ನೋಡಿ, ಆಮೇಲೆ ಕಿಟಾರನೆ ಕಿರುಚಿತು.

"ಐತಿ," ಎಂದ ಅಮಸಿದ್ದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಸಮಾಧಾನ ಕಂಡಿತು. "ನಾ ಹೇಳಿದ್ದೆ. ಅದ್ರಾಗ ಐತಿ."

"ಏನ ಹಾಕೀದಿ ಹೇಳ, ಮನಿಮುರುಕಿ!" ಸತ್ಯವ್ವ ಪರಸವ್ವನ ಜುಟ್ಟು ಹಿಡಿದಳು. "ಯಾರು ಕೊಟ್ಟು ಕಳಿಸ್ಯಾರ ಹೇಳ! ಮಮದಾಪುರದವರೇನು?"

"ಏನೂ ಹಾಕಿಲ್ರಿ! ದೇವರಾಣಿ, ಏನೂ ಇಲ್ರಿ ಅದ್ರಾಗ!"

"ಇಲ್ಲಂದ್ರ ಕೂಸಿನ ಕೈ ಯಾಕ ಬಡದಿ?" ಎಂದ ಅಮಸಿದ್ದ.

ಪರಸವ್ವ ಕೂಸನ್ನು ಎದೆಗೆ ಒತ್ತಿಕೊಂಡಳು. ಏನು ಹೇಳಬೇಕು? ನನಗೂ ನಿನ್ನ ಹಾಗೇ ಆಯಿತು ಅಂತಲೇ? ಅವಳಿಗೆ ಅಳು ಬಂತು, ಭಯಕ್ಕಲ್ಲ, ನಾಚಿಕೆಗೆ. ಇಂಥ ಅಂಜಿಕೆಯ ಮುಂದೆ ಇವನನ್ನು ಹದಿನೈದು ವರ್ಷ ಕೂಡಿಸಿದ್ದರು, ತಾನು ಇವನೆದುರು ಬೆರಳು ನೆಕ್ಕಿದ್ದಳು.

ಅಷ್ಟರಲ್ಲಿ ಸೀತವ್ವ ಅಡಿಗೆಮನೆಯಿಂದ ಬಂದಳು. ಗೌಡಸಾನಿಯ ಕೈಯನ್ನು ಮಗಳ ಜುಟ್ಟಿನಿಂದ ಬಿಡಿಸಿದಳು. ಆ ಮನೆತನದಲ್ಲಿ ಇಪ್ಪತ್ತು ವರ್ಷ ತಗ್ಗಿದ ತಲೆ ಎತ್ತದವಳು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆಳ್ಳಿ ತಾಟು ಎಳೆದುಕೊಂಡು, ಹಾಲಲ್ಲಿ ಕಲಸಿ ಒಂದು ಹೋಳಿಗೆ ಪೂರಾ ಉಂಡಳು. ಗಡಬಡಿಸಲಿಲ್ಲ. ಬಾಯಿ ಒರೆಸಿಕೊಂಡು ಅಮಸಿದ್ದನಿಗೆ ಹೇಳಿದಳು.

"ಯಪ್ಪಾ, ಒಲಿ ಮುಂದ ಕುಂತು ಒಂದು ತುಂಡು ಆಗಲೇ ತಿಂದೀನಿ. ಹಾಲೂ ಕುಡದೀನಿ. ಪರಸಿ ಸಣ್ಣಾಕಿ ಇದ್ದಾಗೂ ಹಂಗ. ದಿನಾ ಮೂರು ಹೊತ್ತು, ನಿನ್ನ ತಾಟು ಹೊರಗ ಬರೂ ಮುಂಚೆ ನಾ ಉಂಡು ನೋಡತಿದ್ನಿ. ಆಮ್ಯಾಲ ನನ್ನ ಮಗಳು, ಆಮ್ಯಾಲ ನೀನು. ಇಪ್ಪತ್ತು ವರ್ಷದಾಗ ಒಂದು ದಿವಸ ನನ್ನ ತಲಿ ಸೈತ ನೋಯಲಿಲ್ಲ."

ಪರಸವ್ವ ತಾಯಿಯನ್ನೇ ನೋಡಿದಳು. ಅವ್ವ ಒಲೆಯ ಮುಂದೆ ಯಾವಾಗಲೂ ಏನಾದರೂ ಅಗಿಯುತ್ತಿದ್ದಳು, ಹೌದು. ಬಾಯಿಚಪಲ ಅಂತ ತಾನು ಎಷ್ಟು ಸಲ ಚೇಷ್ಟೆ ಮಾಡಿಲ್ಲ!

"ನನಗ್ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ನೀನೂ ಅಂಜತಿದ್ದಿ. ಕೂಸು ಅಂಜಿಕೋತ ಉಣಬಾರದು." ಸೀತವ್ವ ಸತ್ಯವ್ವನ ಕಡೆ ತಿರುಗಿದಳು. "ಗೌಡಸಾನಿ, ನೀವು ಹೇಳಿದ ಮದ್ದು ನಾ ನಂಬಿದ್ದಿಲ್ಲ. ಬಿಡಾಕೂ ಧೈರ್ಯ ಇದ್ದಿದ್ದಿಲ್ಲ. ನನ್ನ ಅಂಜಿಕಿ ನಾ ಒಲಿ ಮುಂದ ನುಂಗಿದೆ. ನೀವು ನಿಮ್ಮ ಅಂಜಿಕಿ ಈ ಹುಡುಗಗ ಉಣಿಸಿದ್ರಿ. ಅವನ ಹೊಟ್ಯಾಗ ಇರೂದು ಅದೊಂದ."

ಸತ್ಯವ್ವನ ಬಾಯಿಂದ ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಅಮಸಿದ್ದ ಸೀತವ್ವನ ಉಗುರು ನೋಡಲಿಲ್ಲ, ಗಡಿಯಾರ ಹುಡುಕಲಿಲ್ಲ. ತಾಟಿನಲ್ಲಿ ಉಳಿದ ಇನ್ನೊಂದು ಹೋಳಿಗೆಯನ್ನು ಅಜ್ಜಿಯ ಮುಂದೆ ಸರಿಸಿದ.

"ಆಯಿ," ಎಂದ, "ಎಲ್ಲಾರೂ ಉಂಡು ತೋರಿಸ್ಯಾರ. ನೀ ಒಂದು ದಿವಸಾನೂ ಉಂಡು ತೋರಿಸಿಲ್ಲ. ಒಂದು ತುತ್ತು ಉಣ್ಣು. ನಾನೂ ಉಣ್ಣತೀನಿ."

ಎಷ್ಟು ಸುಲಭದ ಕೆಲಸ! ಅದೇ ತಾಟಿನಿಂದ ಆಗಷ್ಟೇ ಉಂಡ ಹೆಂಗಸು ಕಲ್ಲಿನಂತೆ ಎದುರಿಗೇ ಕೂತಿದ್ದಾಳೆ. ಮೊಮ್ಮಗನಿಗಾಗಿ ಜೀವ ಬೇಕಾದರೂ ಕೊಡುತ್ತೇನೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿಕೊಂಡು ಬಂದ ಮುದುಕಿ. ಸತ್ಯವ್ವ ಹೋಳಿಗೆಯನ್ನು ನೋಡಿದಳು. ಕೈ ಸೆರಗಿನೊಳಗಿಂದ ಸ್ವಲ್ಪ ಹೊರಬಂತು, ತಾಟಿನ ಅಂಚಿನವರೆಗೂ ಬಂತು. ಅಲ್ಲಿ ನಿಂತು ಮತ್ತೆ ಒಳಗೆ ಹೋಯಿತು.

"ನನಗ ಹಸಿವಿಲ್ಲ," ಎಂದಳು.

ಪರಸವ್ವನಿಗೆ ಆ ಮುದುಕಿಯ ಮೇಲೆ ಸಿಟ್ಟೂ ಬರಲಿಲ್ಲ. ಇಷ್ಟು ವರ್ಷ ಈಕೆಯೂ ಈ ಅಂಜಿಕೆಯೊಳಗೇ ಉಂಡಿದ್ದಳೇ ಎನಿಸಿತು. ಅಮಸಿದ್ದ ಅಜ್ಜಿಯ ಮುಖದಿಂದ ಕಣ್ಣು ತೆಗೆದು ತಾಟನ್ನು ಮೆಲ್ಲಗೆ ಬದಿಗಿಟ್ಟ.

"ಪರಸಿ, ನಿನ್ನ ಕೂಸನ್ನ ಕರ್ಕೊಂಡು ಊರಿಗೆ ಹೋಗು," ಎಂದ. "ಮತ್ತ ಎಂದೂ ಇಲ್ಲಿ ತರಬ್ಯಾಡ." ಆಮೇಲೆ ಅಂದ, "ಡಾಕ್ಟರ್ ಹೇಳಿದ ಊರಿಗೆ ನನ್ನ ಕರ್ಕೊಂಡು ಹೋಗಾಕ ಹೇಳು."

"ಯಾರಿಗೆ ಹೇಳ್ಲಿರಿ?"

ಅವನು ಪಡಸಾಲೆಯಲ್ಲೆಲ್ಲ ಕಣ್ಣು ಆಡಿಸಿದ. ಮುಚ್ಚಿದ ಕಿಟಕಿ, ಅರಗು ಒತ್ತಿದ ಕೊಡ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂತ ಆಯಿ. ಇನ್ನೂರು ಎಕರೆಯ ಒಡೆಯನಿಗೆ ಹೆಸರು ಹಿಡಿದು ಕರೆಯಲು ಒಬ್ಬರೂ ಹೊಳೆಯಲಿಲ್ಲ.

"ಯಾರಿಗರೆ," ಎಂದ.

ಸೀತವ್ವ ಎದ್ದು ಎಂಜಲ ಕೈ ತೊಳೆದುಕೊಂಡಳು. "ನಾ ಬರತೀನಿ ಯಪ್ಪಾ," ಎಂದಳು. "ಧಾರವಾಡದ ಬಸ್ಸು ಎಷ್ಟೊತ್ತಿಗೈತಿ ಅಂತ ಹಾಜಿರಾಬಿಗೆ ಕೇಳಿ ಬರತೀನಿ, ಕುಂತಿರು."